ತಿಳಿನೀಲಿ ಷರಟಿನವರು

ಬೆಳಗಿನ ಬೆಂಗಳೂರು ರೈಲಿನಲ್ಲಿ ಇಂಟರ್‌ವ್ಯೂಗೆ ಹೊರಟವರನ್ನು ಪತ್ತೆಹಚ್ಚಲು ಪೊಲೀಸ್ ನಾಯಿ ಬೇಕಿಲ್ಲ. ಮಂಡ್ಯದಲ್ಲಿ ಹತ್ತುವ ಪಾಸಿನ ಗಿರಾಕಿಗಳು ಸೀಟು ಸಿಕ್ಕಿದರೆ ಗೊರಕೆ, ಸಿಗದಿದ್ದರೆ ರಾಜಕೀಯ. ಇಂಟರ್‌ವ್ಯೂ ಹುಡುಗ ಮಾತ್ರ, ಸೀಟು ಖಾಲಿಯಿದ್ದರೂ ಇಸ್ತ್ರಿ ಮುರಿದೀತೆಂದು ನಿಂತೇ ಇರುತ್ತಾನೆ. ತಿಳಿನೀಲಿ ಷರಟು, ಕಪ್ಪು ಪ್ಯಾಂಟು, ಎದೆಗವಚಿದ ಫೈಲು. ಇನ್ನೂ ಅನುಮಾನವಿದ್ದರೆ ಮದ್ದೂರಿನ ತನಕ ಕಾಯಿರಿ. ವಡೆಯ ಬುಟ್ಟಿ ಅವನ ಮೂಗಿನಡಿಯೇ ಹಾದುಹೋಗುತ್ತದೆ. ಅಂಚು ಕೆಂಪಗೆ ಬೆಂದು, ಈರುಳ್ಳಿ ಎಸಳು ಅಲ್ಲಲ್ಲಿ ಇಣುಕುತ್ತಾ, ಕೆಳಗಿನ ಕಾಗದವನ್ನು ಎಣ್ಣೆಯಲ್ಲಿ ಪಾರದರ್ಶಕ ಮಾಡಿದ ವಡೆ. ಅವನು ಒಮ್ಮೆ ವಡೆ ನೋಡುತ್ತಾನೆ, ಒಮ್ಮೆ ಷರಟು ನೋಡುತ್ತಾನೆ, ಉಗುಳು ನುಂಗುತ್ತಾನೆ.

ಮಳವಳ್ಳಿ ಕಡೆಯವರು ಹತ್ತುವುದೂ ಅಲ್ಲೇ. ಅವರೂರಿಗೆ ರೈಲಿಲ್ಲ, ಕತ್ತಲಲ್ಲೇ ಬಸ್ಸು ಹಿಡಿದು ಮದ್ದೂರಿಗೆ ಬರಬೇಕು. ಅವರದೂ ತಿಳಿನೀಲಿಯೇ! ನೂರು ಜನರ ನಡುವೆ ಎದ್ದು ಕಾಣುವುದು ಹೇಗೆಂದು ಹೇಳಿಕೊಡುವ ವೀಡಿಯೊವನ್ನು ಆ ನೂರು ಜನರೂ ನೋಡಿರುತ್ತಾರೆ. 'ನಿಮ್ಮ ದೌರ್ಬಲ್ಯವೇನು?' ಎಂದರೆ ಎಲ್ಲರ ಬಾಯಲ್ಲೂ ಒಂದೇ ಪಾಠ: 'ಕೆಲಸಕ್ಕೆ ಕೂತರೆ ಊಟ, ನಿದ್ದೆ ಮರೆತುಬಿಡ್ತೀನಿ ಸಾರ್.' ಮನೆಯಲ್ಲಿ ಮುದ್ದೆ ಕಟ್ಟುವ ಮೊದಲೇ ತಟ್ಟೆ ಹಿಡಿದು ಕೂರುವ ಆಸಾಮಿಗಳು!

ನಮ್ಮವರಿಗೆ ನಿಜವಾದ ಗಂಡಾಂತರ 'ನಿಮ್ಮ ಬಗ್ಗೆ ಹೇಳಿ' ಎಂಬುದು. ನಮ್ಮ ಸೀಮೆಯಲ್ಲಿ ಅದು ಬೇರೆಯವರ ಕೆಲಸ. ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಯಾವುದಾದರೂ ಅಜ್ಜನ ಕೈಗೆ ಸಿಕ್ಕಿ ನೋಡಿ. 'ಯಾವೂರ್ಲಾ? ಯಾರ್ ಮಗ ನೀನು?' ಎರಡೇ ಪ್ರಶ್ನೆ. ಆಮೇಲೆ ನಿಮ್ಮ ತಾತನ ಬದುವಿನ ವ್ಯಾಜ್ಯದಿಂದ ಹಿಡಿದು ನೀವು ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದಿದ್ದರ ತನಕ ಅವನೇ ನಿಮಗೆ ವರದಿ ಒಪ್ಪಿಸುತ್ತಾನೆ.

ಸರ್ಕಾರಕ್ಕೂ ಈ ಸಂಕಟ ಮುಟ್ಟಿರಬೇಕು. 2016ರ ಜನವರಿ 1ರಿಂದ ಕೇಂದ್ರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಇಂಟರ್‌ವ್ಯೂ ತೆಗೆದೇ ಹಾಕಿತು. ಆದರೆ ಖಾಸಗಿಯವರು ಬಿಡಬೇಕಲ್ಲ!

ನಮ್ಮ ಚಿಕ್ಕಪ್ಪನ ಮಗ ಬೆಂಗಳೂರಿನ ಒಂದು ಕಂಪನಿಗೆ ಹೀಗೇ ನೀಲಿ ತೊಟ್ಟು ಹೋಗಿದ್ದ. ಉರು ಹೊಡೆದದ್ದನ್ನೆಲ್ಲ ಒಪ್ಪಿಸುವಾಗ ಮೇಜಿನಾಚೆ ಒಬ್ಬರು ಆಕಳಿಸಿದರಂತೆ. ಇನ್ನೊಬ್ಬರು ಹೊತ್ತು ಹೋಗದೆ, 'ಮಂಡ್ಯದಲ್ಲಿ ಸಕ್ಕರೆ ಬಿಟ್ಟರೆ ಏನಪ್ಪಾ ಇದೆ?' ಎಂದರು. ಇದು ವೀಡಿಯೊದಲ್ಲಿ ಇರಲಿಲ್ಲ. ಹುಡುಗನಿಗೆ ರೇಗಿತು.

'ಕರೆಂಟಿದೆ ಸಾರ್. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ನಿಮ್ಮ ಬೆಂಗಳೂರಿಗೂ ಬಂತು. ತಂತಿ ನಮ್ಮ ಹೊಲದ ಮೇಲೇ ಹೋಯ್ತು. ನಮ್ಮಜ್ಜಿ ಮಾತ್ರ ಮದುವೆಯಾಗಿ ಮೊಮ್ಮಕ್ಕಳನ್ನ ಕಾಣೋ ತನಕ ಸೀಮೆಎಣ್ಣೆ ಬುಡ್ಡಿ ಬೆಳಕಲ್ಲೇ ಅಡುಗೆ ಮಾಡಿದ್ದು.'

ಆಕಳಿಸಿದವರ ಬಾಯಿ ಮುಚ್ಚಿತು. ಎಲ್ಲರೂ ತಲೆಯೆತ್ತಿ, ಆಗಷ್ಟೇ ಒಳಬಂದವನನ್ನು ನೋಡುವಂತೆ ನೋಡಿದರಂತೆ. ಇಸವಿಗಳನ್ನು ಯಾರು ಬೇಕಾದರೂ ಉರು ಹೊಡೆದಾರು, ಅಜ್ಜಿಯ ಬುಡ್ಡಿ ದೀಪ ಮಾತ್ರ ಯಾರ ಕೋಚಿಂಗ್ ಸೆಂಟರಿನಲ್ಲೂ ಸಿಗುವುದಿಲ್ಲ ನೋಡಿ.

ಕೊನೆಯ ಪ್ರಶ್ನೆ: 'ಎಷ್ಟು ಸಂಬಳ ನಿರೀಕ್ಷೆ ಮಾಡ್ತೀರಿ?' ಇಷ್ಟೆಲ್ಲ ಗುಡುಗಿದವನು ಇಲ್ಲಿ ಬೆವೆತುಹೋದ. 'ನೀವು ಕೊಟ್ಟಷ್ಟು ಸಾರ್.' ಅವರು ಆ ಮಾತನ್ನು ಚಾಚೂ ತಪ್ಪದೆ ನಡೆಸಿಕೊಟ್ಟರು. ಕೆಲಸ ಸಿಕ್ಕಿತು, ಸಂಬಳದ ಅಂಕಿ ಕೇಳಿ ಮನೆಯವರೆಲ್ಲ ದೇವರ ಪಟದ ಕಡೆ ತಿರುಗಿದರು.

ಚಿಕ್ಕಪ್ಪ ಮಾತ್ರ ತಿರುಗಲಿಲ್ಲ. ಅವರು ಕಬ್ಬು ಬೆಳೆಗಾರರು. ಕಬ್ಬಿಗೆ ಕಾರ್ಖಾನೆಯವರು ಕೊಡಬೇಕಾದ ಕನಿಷ್ಠ ಬೆಲೆ, ಅಂದರೆ ಎಫ್‌ಆರ್‌ಪಿ, ನಿಗದಿಯಾಗುವುದು ದಿಲ್ಲಿಯಲ್ಲಿ.

'ಹುಟ್ದಾಗಿಂದ ಕಬ್ ಬೆಳ್ದಿವ್ನಿ, ಟನ್ನಿಗೆ ಎಷ್ಟ್ ಬೇಕಪ್ಪಾ ಅಂತ ಒಬ್ನೂ ನನ್ನ ಕೇಳ್ನಿಲ್ಲ. ನಮ್ ವಂಶದಲ್ಲೇ ಮೊದಲ್ನೇ ಸಲ ನಿನ್ನ ಕೇಳವ್ರೆ. ಬಾಯ್ ಬುಡಕ್ಕೆ ಏನ್ಲಾ ಆಗಿತ್ತು ನಿಂಗೆ?'