ಹಾಲಿನ ಲೆಕ್ಕ, ನೀರಿನ ಬಾಕಿ

(ತಿಪಟೂರಿನ ಒಂದು ಹಳೇ ಬೀದಿ. ಬೆಳಗಿನ ಆರೂವರೆ. ಜಗಲಿಯ ಮೇಲೆ ಎಂಟನೇ ಕ್ಲಾಸಿನ ಸಿಂಚನ ಪುಸ್ತಕ ಹರಡಿಕೊಂಡಿದ್ದಾಳೆ. ಪಕ್ಕದಲ್ಲಿ ಅವಳ ತಾತ, ರಿಟೈರಾದ ಗಣಿತದ ಮೇಷ್ಟ್ರು. ಪೇಪರ್ ಇನ್ನೂ ಬಂದಿಲ್ಲ, ಆದ್ದರಿಂದ ಮೊಮ್ಮಗಳ ಹೋಂವರ್ಕಿಗೆ ಗ್ರಹಚಾರ ಹಿಡಿದಿದೆ. ಅಜ್ಜಿ ಸಾವಿತ್ರಮ್ಮ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಮೊಪೆಡ್ಡಿನ ಎರಡೂ ಕಡೆ ಕ್ಯಾನು ತೂಗಿಹಾಕಿಕೊಂಡು ಹಾಲಿನ ನಿಂಗಪ್ಪ ಬರುತ್ತಾನೆ.)

ಸಿಂಚನ: (ಗಟ್ಟಿಯಾಗಿ ಓದುತ್ತಾ) ಒಬ್ಬ ಹಾಲು ಮಾರುವವನ ಬಳಿ 20 ಲೀಟರ್ ಮಿಶ್ರಣವಿದೆ. ಅದರಲ್ಲಿ ಹಾಲು ಮತ್ತು ನೀರಿನ ಅನುಪಾತ 3:1...

ನಿಂಗಪ್ಪ: (ಸ್ಟ್ಯಾಂಡ್ ಹಾಕುತ್ತಿದ್ದವನು ಅಲ್ಲೇ ನಿಂತು) ಯಾರವ್ವಾ ಹಂಗಂದೋರು?

ಸಿಂಚನ: ಯಾರೂ ಅಂದಿಲ್ಲ ಮಾಮ, ಪುಸ್ತಕದಲ್ಲಿದೆ.

ನಿಂಗಪ್ಪ: ಪುಸ್ತಕಕ್ಕೂ ಹಾಕ್ಬುಟ್ರಾ! ಹೆಸರೊಂದು ಬರೀಲಿಲ್ಲವಲ್ಲ, ಅವರ ಪುಣ್ಯ. ಅಲ್ಲ ಮೇಷ್ಟ್ರೇ, ಲೆಕ್ಕ ಹೇಳ್ಕೊಡಕ್ಕೆ ನಾವೇ ಬೇಕಾ? ಲಾಯರ್ರು ಏನೂ ಬೆರಸಲ್ವಾ?

ಮೇಷ್ಟ್ರು: ಅವರು ಬೆರೆಸೋದನ್ನ ಲೀಟರಿನಲ್ಲಿ ಅಳೆಯೋಕಾಗಲ್ಲ ಕಣೋ. ನೀನು ಮುಂದಕ್ಕೆ ಓದು ಪುಟ್ಟಿ.

ಸಿಂಚನ: ಅನುಪಾತ 5:3 ಆಗಬೇಕಾದರೆ ಅವನು ಇನ್ನೆಷ್ಟು ನೀರು ಸೇರಿಸಬೇಕು?

ನಿಂಗಪ್ಪ: ನಾಕು ಲೀಟ್ರು.

(ಯಾರೂ ಮಾತಾಡುವುದಿಲ್ಲ. ಸಾವಿತ್ರಮ್ಮ ಪಾತ್ರೆಯನ್ನು ಹೊಸ್ತಿಲ ಮೇಲಿಡುತ್ತಾರೆ.)

ಸಾವಿತ್ರಮ್ಮ: ಉತ್ತರ ಅಷ್ಟು ಬೇಗ ಹೆಂಗೆ ಬಂತು ನಿಂಗಪ್ಪಾ?

ನಿಂಗಪ್ಪ: ಲೆಕ್ಕ ಬರೋದೂ ತಪ್ಪಾ ಅವ್ವ? ಇಪ್ಪತ್ ಲೀಟ್ರಲ್ಲಿ ಮೂರಕ್ಕೊಂದು ಅಂದ್ರೆ ಹದಿನೈದು ಹಾಲು, ಐದು ನೀರು. ಹಾಲೇನು ಹೆಚ್ಚಲ್ಲ, ಕಮ್ಮಿಯಾಗಲ್ಲ, ಹದಿನೈದು ಹದಿನೈದೇ. ಅದ್ನ ಐದು ಪಾಲು ಮಾಡಿದ್ರೆ ಪಾಲಿಗೆ ಮೂರು. ನೀರಿಗೆ ಮೂರು ಪಾಲು, ಮೂರ್ಮೂರ್ಲ ಒಂಬತ್ತು. ಐದು ಆಗ್ಲೇ ಒಳಗೈತೆ. ಉಳಿದಿದ್ದು ನಾಕು.

ಮೇಷ್ಟ್ರು: (ಕನ್ನಡಕ ತೆಗೆದು) ಏಳನೇ ಕ್ಲಾಸಲ್ಲಿ ನಿನ್ನನ್ನ ಲೆಕ್ಕದಲ್ಲಿ ಫೇಲ್ ಮಾಡಿದ್ದು ನಾನೇ ಅಲ್ಲವೇನೋ?

ನಿಂಗಪ್ಪ: ನೀವೇ. ನೀವು ನಲ್ಲಿ ಲೆಕ್ಕ ಕೊಟ್ರಿ. ಒಂದು ನಲ್ಲಿ ತೊಟ್ಟಿ ತುಂಬಿಸ್ತದೆ, ಇನ್ನೊಂದು ಖಾಲಿ ಮಾಡ್ತದೆ, ಎರಡನ್ನೂ ಒಟ್ಟಿಗೆ ಬುಟ್ರೆ ಎಷ್ಟು ಹೊತ್ತು ಅಂತ. ಆಗ ನಮ್ಮೂರಲ್ಲಿ ನಲ್ಲಿಯೇ ಇರ್ಲಿಲ್ಲ. ಇದ್ದಿದ್ರೂ ಎರಡನ್ನೂ ಒಟ್ಟಿಗೆ ಬುಡೋ ಹುಚ್ಚಮುಂಡೇವು ಯಾವೂ ಇರ್ಲಿಲ್ಲ. ಹಾಲಿನ ಲೆಕ್ಕ ಕೊಟ್ಟಿದ್ರೆ ನಾನಿವತ್ತು ತಾಸೀಲ್ದಾರ!

ಮೇಷ್ಟ್ರು: ಉತ್ತರ ಸರಿಯಿದೆ. ಆದರೆ ಪರೀಕ್ಷೇಲಿ ಕ್ರಮಕ್ಕೇ ಮಾರ್ಕ್ಸು. ಬರಕೋ ಪುಟ್ಟಿ. ಸೇರಿಸಬೇಕಾದ ನೀರನ್ನ ಎಕ್ಸ್ ಅಂತ ಇಟ್ಟುಕೊಳ್ಳೋಣ.

ನಿಂಗಪ್ಪ: ಎಕ್ಸ್ ಯಾಕೆ? ನೀರು ಅಂತ್ಲೇ ಇಟ್ಕಳಿ.

ಸಾವಿತ್ರಮ್ಮ: ಮರ್ಯಾದಸ್ಥರು ನೀರು ಅಂತ ಬಾಯಿಬಿಟ್ಟು ಹೇಳೋಕಾಗದೆ ಎಕ್ಸ್ ಅಂತಾರೆ.

ಮೇಷ್ಟ್ರು: ಹಾಲು ಹದಿನೈದು. ನೀರು ಐದು ಕೂಡು ಎಕ್ಸ್. ಹದಿನೈದಕ್ಕೆ ಐದು ಕೂಡು ಎಕ್ಸ್ ಹೇಗೋ, ಐದಕ್ಕೆ ಮೂರು ಹಾಗೆ. ಅಡ್ಡ ಗುಣಾಕಾರ ಮಾಡು. ನಲವತ್ತೈದು ಸಮ ಇಪ್ಪತ್ತೈದು ಕೂಡು ಐದು ಎಕ್ಸ್. ಎಕ್ಸ್ ನಾಲ್ಕು.

ನಿಂಗಪ್ಪ: ಅಷ್ಟು ಸುತ್ತಿ ಬಂದು ನಾನು ನಿಂತಿರೋ ಜಾಗಕ್ಕೇ ಬಂದ್ರಿ.

ಸಾವಿತ್ರಮ್ಮ: (ಒಳಗೆ ಹೋಗಿ ಕ್ಯಾಲೆಂಡರ್ ತರುತ್ತಾರೆ) ಇವತ್ತು ಹೇಗೂ ತಿಂಗಳ ಲೆಕ್ಕದ ದಿನ. ದಿನಾ ಒಂದೂವರೆ ಲೀಟರಂತೆ ಮೂವತ್ತು ದಿನ. ನೀನು ಮಗಳ ನಿಶ್ಚಿತಾರ್ಥ ಅಂತ ಮೂರು ದಿನ ಮುಖ ತೋರಿಸಲಿಲ್ಲ, ಅಲ್ಲಿ ಸುತ್ತು ಹಾಕಿದೀನಿ. ನೆಂಟರು ಬಂದ ಎರಡು ದಿನ ಅರ್ಧರ್ಧ ಲೀಟರ್ ಹೆಚ್ಚಿಗೆ. ಲೀಟರಿಗೆ ಐವತ್ತೆರಡು.

ನಿಂಗಪ್ಪ: ನಲವತ್ತೊಂದೂವರೆ ಲೀಟ್ರು. ಎರಡು ಸಾವಿರದ ನೂರೈವತ್ತೆಂಟು.

ಸಾವಿತ್ರಮ್ಮ: ಪುಸ್ತಕದ ಪ್ರಕಾರ ಕಾಲು ಭಾಗ ನೀರು. ನೀರಿಗೆ ನಾವ್ಯಾಕೆ ದುಡ್ಡು ಕೊಡೋಣ? ಕಳೆಯೇ ಸಿಂಚನ.

ಸಿಂಚನ: ಸಾವಿರದ ಆರುನೂರ ಹದಿನೆಂಟು ರೂಪಾಯಿ ಐವತ್ತು ಪೈಸೆ ಅಜ್ಜಿ.

ಸಾವಿತ್ರಮ್ಮ: ಐವತ್ತು ಪೈಸೆ ಬಿಟ್ಟುಬಿಡು ನಿಂಗಪ್ಪ, ಮನುಷ್ಯತ್ವ ಬೇಡವಾ?

ನಿಂಗಪ್ಪ: ಅಯ್ಯೋ ಶಿವನೇ! ಪುಸ್ತಕದೋನು ಮಾಡಿದ ಪಾಪಕ್ಕೆ ನನ್ನ ದುಡ್ಡು ಹಿಡೀತೀರಾ? ಬೆಳಿಗ್ಗೆ ಮಿಕ್ಕ ಹಾಲು ಡೇರಿಗೆ ಹಾಕ್ತೀನಿ ಅವ್ವ. ಅಲ್ಲಿ ಡಿಗ್ರಿ ನೋಡ್ತಾರೆ, ಫ್ಯಾಟ್ ನೋಡ್ತಾರೆ. ನೀರು ಹಾಕಿದ್ರೆ ಕ್ಯಾನು ತಿರುಗಿಸಿ ಕಳುಸ್ತಾರೆ.

ಮೇಷ್ಟ್ರು: (ಮುಖ ಅರಳುತ್ತದೆ) ನಿಲ್ಲು ನಿಲ್ಲು. ಲ್ಯಾಕ್ಟೋಮೀಟರ್ ನನ್ನ ಹತ್ತಿರಾನೂ ಇದೆ. ಪುಟ್ಟಿ, ನನ್ನ ಬೀರು ಕೆಳಗಿನ ಖಾನೆ!

(ಸಿಂಚನ ಓಡುತ್ತಾಳೆ. ಮೇಷ್ಟ್ರ ಬೀರುವಿನಲ್ಲಿ ಏನಿದೆ ಎಂದು ಸಾವಿತ್ರಮ್ಮನವರೂ ಕೇಳುವುದನ್ನು ಬಿಟ್ಟು ಕಾಲವಾಗಿದೆ. ಎತ್ತರದ ಸ್ಟೀಲ್ ಲೋಟಕ್ಕೆ ಹಾಲು ಬೀಳುತ್ತದೆ. ಗಾಜಿನ ಕಡ್ಡಿ ಮುಳುಗಿ, ಎದ್ದು, ತೂಗಿ ನಿಲ್ಲುತ್ತದೆ.)

ಮೇಷ್ಟ್ರು: ಬರೀ ನೀರಲ್ಲಿ ಬಿಟ್ಟರೆ ಇದು ಸೊನ್ನೆ ತೋರಿಸುತ್ತೆ. ಒಳ್ಳೇ ಹಸುವಿನ ಹಾಲು ಇಪ್ಪತ್ತೆಂಟು ಅಂತ ಇಟ್ಟುಕೋ. ಕಾಲು ಭಾಗ ನೀರು ಬೆರೆಸಿದರೆ ಇಪ್ಪತ್ತೆಂಟರಲ್ಲಿ ಮುಕ್ಕಾಲು, ಅಂದರೆ ಇಪ್ಪತ್ತೊಂದಕ್ಕೆ ಇಳಿಯಬೇಕು. ನಿನ್ನ ಪುಸ್ತಕದ 5:3 ಆದರೆ ಹದಿನೇಳೂವರೆ. ಸೀದಾ ಅನುಪಾತ. ಈಗ ಎಷ್ಟಿದೆ ಓದು.

ಸಿಂಚನ: ಇಪ್ಪತ್ತಾರು.

ಸಾವಿತ್ರಮ್ಮ: ಸಿಕ್ಕಿಬಿದ್ದ!

ಸಿಂಚನ: ಇಪ್ಪತ್ತೆಂಟಕ್ಕೆ ಎರಡು ಕಮ್ಮಿ. ಅಂದರೆ ಹದಿನಾಲ್ಕು ಭಾಗದಲ್ಲಿ ಒಂದು ಭಾಗ ನೀರು!

ನಿಂಗಪ್ಪ: ಇಪ್ಪತ್ತೆಂಟು ಅಂತ ನಮ್ಮ ಗೌರಿ ನಿಮ್ಮ ಹತ್ರ ಬಂದು ಹೇಳಿದ್ಲಾ ಮೇಷ್ಟ್ರೇ? ಕೆಲವು ಹಸ ಇಪ್ಪತ್ತಾರೇ ಕೊಡ್ತವೆ, ಕೆಲವು ಮೂವತ್ತೂ ಕೊಡ್ತವೆ. ಮ್ಯಾಲಾಗಿ ಇದು ಈಗಷ್ಟೇ ಕರೆದ ಹಾಲು, ಬೆಚ್ಚಗೈತೆ. ಬೆಚ್ಚನೆ ಹಾಲಲ್ಲಿ ಕಡ್ಡಿ ಮುಳುಗ್ತದೆ ಅಂತ ಡೇರಿ ಸೆಕ್ರೆಟರಿನೇ ಹೇಳವ್ರೆ.

ಮೇಷ್ಟ್ರು: (ಗಡ್ಡ ಕೆರೆದುಕೊಳ್ಳುತ್ತಾ) ಅದೂ ನಿಜ.

ಸಾವಿತ್ರಮ್ಮ: ಏನ್ರೀ ನಿಜ? ಈಗಷ್ಟೇ ಸಿಕ್ಕಿಬಿದ್ದಿದ್ದ!

ಮೇಷ್ಟ್ರು: ಪುಸ್ತಕದ ಲೆಕ್ಕದಲ್ಲಿ ಶುದ್ಧ ಹಾಲು ಎಷ್ಟು ಅಂತ ಮೊದಲೇ ಹೇಳಿಬಿಡ್ತಾರೆ ಕಣೇ. ಬೀದೀಲಿ ಯಾರೂ ಹೇಳಲ್ಲ. ನನ್ನ ಕೈಲಿರೋದು ಒಂದೇ ಅಳತೆ, ಗೊತ್ತಿಲ್ಲದ್ದು ಎರಡು. ಇದು ಬಿಡಿಸೋಕಾಗದ ಲೆಕ್ಕ.

ನಿಂಗಪ್ಪ: ನಂಗೊಬ್ಬ ಗೊತ್ತಿದ್ದ. ಈಗ ಹಾಲು ಬುಟ್ಟು ಸೈಟ್ ಮಾರ್ತಾನೆ. ಅವನು ಮೊದಲು ಕೆನೆ ತೆಗೀತಿದ್ದ. ಕೆನೆ ಹಗೂರ, ಅದು ಹೋದ್ರೆ ಡಿಗ್ರಿ ಮೇಲಕ್ಕೇರ್ತದೆ. ಏರಿದ್ದಷ್ಟನ್ನೂ ನೀರು ಹಾಕಿ ಇಳುಸ್ತಿದ್ದ. ಕಡ್ಡಿ ಬುಟ್ರೆ ಇಪ್ಪತ್ತೆಂಟೇ! ಕಡ್ಡಿ ಅವನಿಗೆ ಕೈಮುಗೀತಿತ್ತು.

ಮೇಷ್ಟ್ರು: (ಎದ್ದು ನಿಲ್ಲುತ್ತಾರೆ) ನೋಡು ಪುಟ್ಟಿ, ಇದೇ ಬೀಜಗಣಿತ! ಕದ್ದ ಕೆನೆ ಎಕ್ಸ್, ಹಾಕಿದ ನೀರು ವೈ. ಲ್ಯಾಕ್ಟೋಮೀಟರ್ ಕೊಡೋದು ಒಂದು ಸಮೀಕರಣ ಮಾತ್ರ. ಎಕ್ಸ್ ಒಂದು ಕಡೆ ಎಳೆದರೆ ವೈ ಇನ್ನೊಂದು ಕಡೆ ಎಳೆಯುತ್ತೆ, ಕಳ್ಳ ಮಧ್ಯದಲ್ಲಿ ನುಸುಳಿಬಿಡ್ತಾನೆ. ಅದಕ್ಕೇ ಡೇರಿಯವರು ಫ್ಯಾಟನ್ನೂ ಅಳೆಯೋದು. ಗರ್ಬರ್ ಅಂತ ಸ್ವಿಟ್ಜರ್ಲೆಂಡಿನ ಪುಣ್ಯಾತ್ಮ ಆ ಪರೀಕ್ಷೆ ಕಂಡುಹಿಡಿದ. ಅದು ಎರಡನೇ ಸಮೀಕರಣ. ಎರಡು ಅವ್ಯಕ್ತಕ್ಕೆ ಎರಡು ಸಮೀಕರಣ!

ಸಾವಿತ್ರಮ್ಮ: ಎರಡು ಕಳ್ಳತನಕ್ಕೆ ಇಬ್ಬರು ಪೊಲೀಸರು ಅನ್ನಿ, ಅರ್ಥವಾಗುತ್ತೆ.

ಮೇಷ್ಟ್ರು: ಬೆರಕೆ ಲೆಕ್ಕ ಇವತ್ತು ನಿನ್ನೇದಲ್ಲ. ನಮ್ಮ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಮಿಶ್ರಣಕ್ಕೆ ಅಂತಲೇ ಒಂದು ಅಧ್ಯಾಯ ಇಟ್ಟ. ಆಮೇಲೆ ಭಾಸ್ಕರಾಚಾರ್ಯ 1150ರ ಹೊತ್ತಿಗೆ ಲೀಲಾವತಿಯಲ್ಲಿ ಚಿನ್ನ ಬೆರೆಸೋ ಲೆಕ್ಕ ಬರೆದ. ಕನ್ನಡದಲ್ಲೇ ಬೇಕು ಅಂದರೆ ಹನ್ನೆರಡನೇ ಶತಮಾನದ ರಾಜಾದಿತ್ಯನ ವ್ಯವಹಾರಗಣಿತ ಇದೆ.

ಸಾವಿತ್ರಮ್ಮ: ಸಾವಿರ ವರ್ಷದಿಂದ ಬೆರೆಸ್ತಾನೇ ಇದಾರೆ, ನೀವು ಬರೀ ಲೆಕ್ಕ ಬರೀತಾನೇ ಇದೀರಿ.

ನಿಂಗಪ್ಪ: ಬೆರೆಸೋರು ನಾವಷ್ಟೇ ಅಲ್ಲ ಅವ್ವ. ಪ್ಯಾಕೆಟ್ ಮೇಲೆ ಟೋನ್ಡ್ ಅಂತ ಬರೆದಿರ್ತದಲ್ಲ, ಅದೇನು ಕೇಳಿ ಮೇಷ್ಟ್ರನ್ನ.

ಮೇಷ್ಟ್ರು: ಅದೂ ಅನುಪಾತವೇ. ಟೋನ್ಡ್ ಹಾಲಲ್ಲಿ ಕೊಬ್ಬು ನೂರಕ್ಕೆ ಮೂರು ಇರಬೇಕು. ಎಮ್ಮೆ ಹಾಲಲ್ಲಿ ಏಳಿದೆ ಅಂತ ಇಟ್ಟುಕೋ. ಹಾಲಿನ ಪುಡಿ ಕಲಸಿದ ನೀರಲ್ಲಿ ಕೊಬ್ಬು ಸೊನ್ನೆ ಅಂತಲೇ ಹಿಡಿ. ಏಳಕ್ಕೂ ಮೂರಕ್ಕೂ ವ್ಯತ್ಯಾಸ ನಾಲ್ಕು, ಮೂರಕ್ಕೂ ಸೊನ್ನೆಗೂ ಮೂರು. ಅಡ್ಡಡ್ಡ ಬರಿ. ಮೂರು ಲೀಟರ್ ಎಮ್ಮೆ ಹಾಲಿಗೆ ನಾಲ್ಕು ಲೀಟರ್ ಪುಡಿ ನೀರು. ಡೇರಿಯವರು ಇದನ್ನ ಪಿಯರ್ಸನ್ ಚೌಕ ಅಂತಾರೆ.

ನಿಂಗಪ್ಪ: ಕೇಳಿದ್ರಾ ಅವ್ವ! ಏಳು ಲೀಟ್ರಲ್ಲಿ ನಾಕು! ನನ್ನನ್ನ ಹದಿನಾಕರಲ್ಲಿ ಒಂದಕ್ಕೆ ಹಿಡ್ಕೊಂಡ್ರಿ!

ಮೇಷ್ಟ್ರು: ಅವರು ಪುಡಿ ಹಾಕ್ತಾರೆ ಕಣೋ. ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ ಎಂಟೂವರೆ ಇರಲೇಬೇಕು. ನೀನು ಹಾಕೋದು ಬರೀ ಬೋರ್‌ವೆಲ್ಲು. ಬೊಂಬಾಯಿಯ ದಾರಾ ಖುರೋಡಿ ಅನ್ನೋರು ಈ ಟೋನ್ಡ್ ಹಾಲು ತಂದವರು. ಅವರಿಗೆ 1963ರಲ್ಲಿ ಕುರಿಯನ್, ತ್ರಿಭುವನದಾಸ್ ಪಟೇಲರ ಜೊತೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಿಂಗಪ್ಪ: ಹಾಲಿಗೆ ನೀರು ಬೆರೆಸಿದ್ದಕ್ಕೆ ಪ್ರಶಸ್ತಿ! ನಂಗೆ ತಿಂಗಳ ದುಡ್ಡಿಗೇ ಕತ್ತರಿ!

ಸಾವಿತ್ರಮ್ಮ: ನೀನೂ ಲೇಬಲ್ ಅಂಟಿಸ್ಕೊಂಡು ಬಾ, ಹಾರ ಹಾಕ್ತೀನಿ.

ನಿಂಗಪ್ಪ: ಸರಿ ಮೇಷ್ಟ್ರೇ, ಈಗ ನಾನೊಂದು ಲೆಕ್ಕ ಕೊಡ್ತೀನಿ. ಒಂದು ಕ್ಯಾನಲ್ಲಿ ಹತ್ತು ಲೀಟ್ರು ಹಾಲು, ಇನ್ನೊಂದ್ರಲ್ಲಿ ಹತ್ತು ಲೀಟ್ರು ನೀರು. ಹಾಲಿಂದ ಒಂದು ಲೀಟ್ರು ತಗೊಂಡು ನೀರಿಗೆ ಹುಯ್ದೆ. ಚೆನ್ನಾಗಿ ಕಲಕಿದೆ. ಆ ಬೆರಕೆಯಿಂದ ಒಂದು ಲೀಟ್ರು ವಾಪಸ್ ಹಾಲಿಗೆ ಹುಯ್ದೆ. ಈಗ ಹೇಳಿ, ಹಾಲಲ್ಲಿರೋ ನೀರು ಜಾಸ್ತಿಯೋ, ನೀರಲ್ಲಿರೋ ಹಾಲು ಜಾಸ್ತಿಯೋ?

ಮೇಷ್ಟ್ರು: ಹಾಲಲ್ಲಿರೋ ನೀರೇ ಕಮ್ಮಿ ಇರಬೇಕು, ಯಾಕಂದರೆ ವಾಪಸ್ ಬಂದದ್ದು ಬರೀ ನೀರಲ್ಲ... ತಡಿ. ನೀರಿನ ಕ್ಯಾನಲ್ಲಿ ಈಗ ಹನ್ನೊಂದು ಲೀಟರ್. ಅದರಲ್ಲಿ ಹಾಲು ಹನ್ನೊಂದರಲ್ಲೊಂದು ಭಾಗ. ವಾಪಸ್ ಬಂದ ಹಾಲನ್ನ ಎಕ್ಸ್ ಅಂತ ಇಟ್ಟುಕೊಂಡರೆ... ಪುಟ್ಟಿ, ಇನ್ನೊಂದು ಹಾಳೆ ಕೊಡು.

ಸಾವಿತ್ರಮ್ಮ: ಎರಡೂ ಸಮ.

ಮೇಷ್ಟ್ರು: ಸುಮ್ಮನಿರೇ, ಇದು ಭಿನ್ನರಾಶಿ.

ಸಾವಿತ್ರಮ್ಮ: ಎಂಥ ಭಿನ್ನರಾಶಿರೀ? ಕೊನೇಲಿ ಎರಡು ಕ್ಯಾನಲ್ಲೂ ಹತ್ತತ್ತೇ ಲೀಟರ್ ಇದೆ ತಾನೇ? ಹಾಲಿನ ಕ್ಯಾನಲ್ಲಿ ಎಷ್ಟು ನೀರಿದೆಯೋ ಅಷ್ಟು ಹಾಲು ಅಲ್ಲಿಂದ ಜಾಗ ಖಾಲಿ ಮಾಡಿದೆ. ಆ ಹಾಲು ಎಲ್ಲಿಗೆ ಹೋಗಿರುತ್ತೆ? ನೀರಿನ ಕ್ಯಾನಿಗೇ. ಸೊಸೆ ಬಂದ ಮನೇಲಿ ಮಗಳು ಹೊರಟ ಹಾಗೆ.

ಮೇಷ್ಟ್ರು: (ಹಾಳೆಯ ಮೇಲೆ ಗೀಚುತ್ತಾ) ಹನ್ನೊಂದರಲ್ಲಿ ಹತ್ತು ಭಾಗ... ಇಲ್ಲೂ ಹನ್ನೊಂದರಲ್ಲಿ ಹತ್ತು ಭಾಗ... (ಪೆನ್ನು ಕೆಳಗಿಡುತ್ತಾರೆ) ಸಮ.

ಸಿಂಚನ: ಅಜ್ಜಿ, ಇನ್ನು ಹೋಂವರ್ಕ್ ನಿನ್ನ ಹತ್ರಾನೇ ಮಾಡ್ತೀನಿ.

ನಿಂಗಪ್ಪ: (ಮೊಪೆಡ್ ಕಡೆ ಸರಿಯುತ್ತಾ) ಅವ್ವ, ಒಪ್ಪಿದೆ. ದುಡ್ಡು ನಾಳೆ ಕೊಡಿ ಪರವಾಗಿಲ್ಲ.

ಸಾವಿತ್ರಮ್ಮ: ನಿಲ್ಲು. ಎರಡು ಕ್ಯಾನು ಅಂದೆ. ಕಲಕಿದೆ ಅಂದೆ. ನಿನ್ನ ಗಾಡೀಲೂ ಎರಡು ಕ್ಯಾನಿದೆ. ದಿನಾ ನಮ್ಮನೆ ಪಾತ್ರೆಗೆ ಬೀಳೋದು ಅದರಲ್ಲಿ ಯಾವ ಕ್ಯಾನಿಂದು?

ನಿಂಗಪ್ಪ: (ಗಾಡಿ ಸ್ಟಾರ್ಟ್ ಮಾಡಿ) ಅದನ್ನ ಎಕ್ಸ್ ಅಂತ ಇಟ್ಕಳಿ ಅವ್ವ!