ಕಳ್ಳರಿಗೊಂದು ಬಹಿರಂಗ ಪತ್ರ

ಪಾರ್ಕ್‌ಲ್ಯಾಂಡ್ಸ್, ನೈರೋಬಿ

ಮಾನ್ಯ ಕಳ್ಳರೇ,

ನಿಮ್ಮನ್ನು ಈ ಊರಿನ ಭಾಷೆಯಲ್ಲೇ ಕರೆಯಬಹುದಿತ್ತು. ಸ್ವಾಹಿಲಿಯಲ್ಲಿ ನಿಮಗೆ ‘ಮ್ವಿಜಿ’ ಅನ್ನುತ್ತಾರೆ. ಆದರೆ ನೈರೋಬಿಯ ಬೀದಿಯಲ್ಲಿ ಯಾರಾದರೂ ಆ ಶಬ್ದ ಗಟ್ಟಿಯಾಗಿ ಕೂಗಿದರೆ, ಪೊಲೀಸರು ಬರುವ ಮೊದಲೇ ಜನ ಸೇರಿ ವಿಚಾರಣೆ, ಶಿಕ್ಷೆ ಎರಡನ್ನೂ ಮುಗಿಸಿಬಿಡುವುದುಂಟು. ಜೀವ ಹೋದದ್ದೂ ಉಂಟು. ನನ್ನ ಪತ್ರದಿಂದ ನಿಮಗೆ ಅಂಥ ತೊಂದರೆ ಬೇಡ. ಅದಕ್ಕೇ ಕನ್ನಡ. ಕನ್ನಡ ಬಲ್ಲ ಕಳ್ಳರು ಇಲ್ಲಿಲ್ಲ ಅಂದುಕೊಂಡಿದ್ದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಆರು ವರ್ಷದ ಹಿಂದೆ ನಿಮಗೆಂದೇ ನಾವೊಂದು ನಾಯಿ ತಂದೆವು. ಗೋಡೆ ಮೊದಲೇ ಇತ್ತು. ಗೋಡೆಯ ಮೇಲೆ ಗಾಜಿನ ಚೂರು, ಅದರ ಮೇಲೆ ಕರೆಂಟಿನ ಬೇಲಿ, ಗೇಟಿನಲ್ಲಿ ರುಂಗು ಎನ್ನುವ ದೊಣ್ಣೆ ಹಿಡಿದ ಅಸ್ಕಾರಿ ಎಂಬ ಕಾವಲುಗಾರ, ಮಂಚದ ಪಕ್ಕದಲ್ಲಿ ಒತ್ತಿದರೆ ಸೆಕ್ಯುರಿಟಿಯವರ ಗಾಡಿ ಓಡಿಬರುವ ಗುಂಡಿ. ಇಷ್ಟಿದ್ದೂ ರಾತ್ರಿ ಎರಡಕ್ಕೆ ನನ್ನ ಹೆಂಡತಿ ಎದ್ದು ಕೂತು “ಏನೋ ಸದ್ದಾಯ್ತು” ಅನ್ನುವುದು ತಪ್ಪಿರಲಿಲ್ಲ. ನಾಯಿ ಬಂದ ಮೇಲೆ ತಪ್ಪಿದೆ. ಈಗ ಸದ್ದು ಆಗುತ್ತಲೇ ಇರುತ್ತದೆ.

ಗೇಟಿಗೆ ಊರಿನ ಪದ್ಧತಿಯಂತೆ ‘ಮ್ಬ್ವಾ ಕಾಲಿ’ ಎಂಬ ಬೋರ್ಡನ್ನೂ ಹಾಕಿಸಿದೆವು. ಮ್ಬ್ವಾ ಅಂದರೆ ನಾಯಿ, ಕಾಲಿ ಅಂದರೆ ಉಗ್ರ. ಶಿರಸಿಯಿಂದ ಬಂದ ನನ್ನ ಸೋದರಮಾವ ಇಂಗ್ಲಿಷ್ ಅಕ್ಷರದಲ್ಲಿದ್ದ ಅದನ್ನು ಕೂಡಿಸಿ ಓದಿ, “ಖಾಲಿ ಅಂತ ಬರೆಸಿದೀರಲ್ಲೋ, ಮನೆ ಬಿಡ್ತಾ ಇದೀರಾ?” ಎಂದು ಗಾಬರಿಯಾಗಿದ್ದರು.

ನಾಯಿಯ ಕುಲಗೋತ್ರ ಹೇಳಬೇಕು. ಜಾತಕ ಕೂಡಿಬರದಿದ್ದರೆ ಎಂಥ ವರನನ್ನೂ ಬಿಡುವ ವಂಶ ನಮ್ಮದು. ನಾಯಿಯ ವಿಷಯದಲ್ಲಿ ಮಾತ್ರ “ಬೆರಕೆಯೇ ಗಟ್ಟಿ, ರೋಗ ಕಡಿಮೆ” ಎಂದು ಎಲ್ಲರೂ ಒಪ್ಪಿದರು. ಅಪ್ಪ ಜರ್ಮನ್ ಶೆಫರ್ಡ್. ತಾಯಿ ಅರ್ಧ ರಿಡ್ಜ್‌ಬ್ಯಾಕ್. ಉಳಿದರ್ಧ ಯಾರೆಂದು ಮಾರಿದವರೂ ಬಾಯಿಬಿಡಲಿಲ್ಲ. ಜರ್ಮನ್ ಶೆಫರ್ಡ್ ತಳಿಗೊಂದು ಸಂಘ ಹುಟ್ಟಿದ್ದು 1899ರ ಏಪ್ರಿಲ್‌ನಲ್ಲಿ. ಮೊಂಬಾಸಾದಿಂದ ಹೊರಟ ರೈಲು ಹಳಿ ಈ ಜೌಗು ಬಯಲಿಗೆ ಬಂದು ನೈರೋಬಿ ಶುರುವಾದದ್ದು ಅದರ ಮುಂದಿನ ತಿಂಗಳು. ಅಪ್ಪನ ಕಡೆಯಿಂದ ನಮ್ಮ ನಾಯಿ ಊರಿನ ಓರಗೆಯದು. ತಾಯಿಯ ಕಡೆಯ ಕಥೆ ಇನ್ನೂ ಸೊಗಸು. ಅದರ ಬೆನ್ನುಮೂಳೆಯ ಉದ್ದಕ್ಕೂ ಕೂದಲು ಹಿಮ್ಮುಖವಾಗಿ ಬೆಳೆದು ಒಂದು ಗೆರೆಯಾಗಿದೆ. ಆ ಗೆರೆ ಆಫ್ರಿಕಾದ ದಕ್ಷಿಣ ತುದಿಯ ಖೊಯ್‌ಖೊಯ್ ಜನರ ನಾಯಿಗಳ ಬಳುವಳಿ. ಬಿಳಿಯರು ಅವನ್ನು ತಮ್ಮ ಬೇಟೆನಾಯಿಗಳೊಂದಿಗೆ ಕೂಡಿಸಿ, ಸಿಂಹವನ್ನು ತಡೆದು ನಿಲ್ಲಿಸಲು ಬಳಸಿ, 1922ರಲ್ಲಿ ಆಗಿನ ರೊಡೇಷಿಯಾದ ಬುಲವಾಯೊದಲ್ಲಿ ಸಭೆ ಸೇರಿ ಲಕ್ಷಣ ಗೊತ್ತುಮಾಡಿ, ರೊಡೇಷಿಯನ್ ಎಂದು ಹೆಸರಿಟ್ಟರು. ಆಫ್ರಿಕಾದವರ ನಾಯಿಯೇ ಆಫ್ರಿಕಾದವರನ್ನು ಗೇಟಿನಾಚೆ ನಿಲ್ಲಿಸುವ ನೌಕರಿಗೆ ಸೇರಿತು.

ಮೂತಿ ಕಪ್ಪಗಿತ್ತಲ್ಲ, ತಂದ ದಿನ ನಾನು ‘ಕರಿಯ’ ಅಂದೆ. ಊರ ಮನೆಯಲ್ಲಿ ಅಜ್ಜನ ಕಾಲದಿಂದ ಎಲ್ಲ ನಾಯಿಗಳೂ ಕರಿಯ, ಇಲ್ಲವೇ ಕೆಂಪ. ಮೂರು ದಿನ ಅಂಗಳದಲ್ಲಿ ನಿಂತು “ಕರಿಯಾ, ಬಾರೋ ಇಲ್ಲಿ” ಎಂದು ಕೂಗಿದೆ. ನಾಲ್ಕನೆಯ ದಿನ ಅಸ್ಕಾರಿ ಹೆಸರಿನ ಅರ್ಥ ಕೇಳಿದರು. “ಅಂಥದ್ದೇನಿಲ್ಲ, ದೇವರ ಹೆಸರು” ಅಂದುಬಿಟ್ಟೆ. ಮಗಳು ನನ್ನ ಮುಖವನ್ನೇ ನೋಡಿದಳು. ನಮ್ಮ ಊಟದ ಮೇಜಿನಲ್ಲಿ, ನೆಂಟರಿಷ್ಟರು ಸೇರಿದಾಗ, ಅದೇ ಶಬ್ದ ಬಹುವಚನದಲ್ಲಿ ಯಾರ ಬಗ್ಗೆ ಓಡಾಡುತ್ತದೆ ಎಂದು ಅವಳಿಗೆ ಗೊತ್ತು. ಆ ಸಂಜೆಯೇ ಅವಳು ನಾಯಿಗೆ ‘ಬೋಂಡ’ ಎಂದು ಮರುನಾಮಕರಣ ಮಾಡಿದಳು. ಅಸ್ಕಾರಿ ಸಿಯಾಯ ಕೌಂಟಿಯವರು; ರಾಜಕಾರಣಿಗಳ ಒಡಿಂಗಾ ಮನೆತನದ ಊರಾದ ಬೊಂಡೊ ಅವರಿಗೆ ಹತ್ತಿರ. ಗೌರವಾರ್ಥ ಹಾಗೆ ಕರೆದೆವೆಂದು ತಿಳಿದು ಅವರು ನನ್ನ ಕೈಕುಲುಕಿದರು. ನಾನೂ ಕುಲುಕಿದೆ.

ಅವರನ್ನು ನಾವು ‘ಮ್ಜೇ’ ಅನ್ನುತ್ತೇವೆ. ಹಿರಿಯರನ್ನು ಇಲ್ಲಿ ಕರೆಯುವುದೇ ಹಾಗೆ. ನಾಯಿಯ ನಿಜವಾದ ಯಜಮಾನ ಅವರೇ. ನಮ್ಮದು ಈರುಳ್ಳಿಗೂ ದಿನ ನೋಡುವ ಅಡುಗೆಮನೆ; ನಲವತ್ತಾರು ಕಿಲೊದ ಪ್ರಾಣಿಯನ್ನು ತಂಬುಳಿ ಅನ್ನದಲ್ಲಿ ಸಾಕಲಾಗದು ಎಂದು ವೈದ್ಯರು ಬೈದ ಮೇಲೆ, ಹಿತ್ತಿಲ ಮೂಲೆಯಲ್ಲಿ ಒಂದು ಜಿಕೊ, ಅಂದರೆ ಇದ್ದಿಲ ಒಲೆ, ಇಟ್ಟುಕೊಟ್ಟೆವು. ಮ್ಜೇ ಅಲ್ಲಿ ಮೂಳೆ ಬೇಯಿಸಿ, ಆ ರಸದಲ್ಲಿ ಮೆಕ್ಕೆಜೋಳದ ಹಿಟ್ಟು ತಿರುವಿ ಉಗಾಲಿ ಮಾಡುತ್ತಾರೆ. ಗಾಳಿ ಮನೆಯ ಕಡೆ ಬೀಸಿದರೆ ನನ್ನ ಹೆಂಡತಿ ಊದುಬತ್ತಿ ಹಚ್ಚುತ್ತಾಳೆ. ನಾಯಿಯ ಮೂಳೆ, ಹಿಟ್ಟು, ಹುಳದ ಔಷಧ, ವರ್ಷದ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಎಲ್ಲವನ್ನೂ ಒಮ್ಮೆ ಲೆಕ್ಕದ ಪುಸ್ತಕದಲ್ಲಿ ಮ್ಜೇ ಸಂಬಳದ ಪಕ್ಕಕ್ಕೇ ಬರೆದೆ. ಬರೆಯಬಾರದಿತ್ತು. ಆ ಪುಟ ಹರಿದು ಜಿಕೊಗೆ ಹಾಕಿದೆ.

ಇನ್ನು ಬೋಂಡನ ಕರ್ತವ್ಯಪಾಲನೆ. ಮೊದಲ ವರ್ಷವೇ ಅದು ಓಡಿಸಿದ್ದು ಮಮಾ ಮ್ಬೋಗಾ ಅವರನ್ನು. ಸೊಪ್ಪು ತರಕಾರಿ ಮಾರುವ ತಾಯಂದಿರಿಗೆ ಇಲ್ಲಿ ಅದೇ ಹೆಸರು. ಈಕೆ ವಾರಕ್ಕೆರಡು ಸಲ ತರುತ್ತಿದ್ದ ‘ಟೆರೆರೆ’ ನಮ್ಮ ದಂಟಿನ ಸೊಪ್ಪು, ‘ಮನಾಗು’ ನಮ್ಮ ಗಣಿಕೆ ಸೊಪ್ಪಿನ ದಾಯಾದಿ. ಪರದೇಶದಲ್ಲಿ ಗೇಟಿಗೇ ಬಂದು ಗಣಿಕೆ ಸೊಪ್ಪು ಕೊಡುವ ಕೈಯನ್ನು ನಾವು ಬೊಗಳಿಸಿ ಕಳಿಸಿದೆವು. ಈಗ ಅದೇ ಸೊಪ್ಪನ್ನು ಪ್ಲಾಸ್ಟಿಕ್ ಸುತ್ತಿದ ತಟ್ಟೆಯಲ್ಲಿ, ಹೆಚ್ಚು ದುಡ್ಡು ಕೊಟ್ಟು, ಸೂಪರ್‌ಮಾರ್ಕೆಟ್ಟಿನಿಂದ ತರುತ್ತೇನೆ. ಆಮೇಲೆ ನೀರಿನ ಮೀಟರ್ ಓದುವವರು; ಬಿಲ್ಲು ಈಗ ಅಂದಾಜಿನ ಮೇಲೆ ಬರುತ್ತದೆ. ಆಮೇಲೆ ಮಗಳ ಗೆಳತಿ, ಅದೇ ಬೀದಿಯ ಕಿಕುಯು ಹುಡುಗಿ; ಅವಳು ನಡೆದು ಬಂದಳು, ಅದೇ ತಪ್ಪು.

ಏಕೆಂದರೆ, ಕಳ್ಳರೇ, ಇದು ಬೊಗಳುವುದಕ್ಕೊಂದು ಕ್ರಮವಿದೆ. ಕಾರಿನಲ್ಲಿ ಬಂದವರಿಗೆ ಬಾಲ, ನಡೆದು ಬಂದವರಿಗೆ ಹಲ್ಲು. ನಮ್ಮಂಥ ಮುಖಕ್ಕೆ ಬಾಲ, ಮಿಕ್ಕವರಿಗೆ ಹಲ್ಲು. ನಾವ್ಯಾರೂ ಕಲಿಸಲಿಲ್ಲ ಎಂದು ಆಣೆ ಮಾಡುತ್ತಿದ್ದೆ. ವೈದ್ಯರು ನಕ್ಕರು. ನಾಯಿಮರಿಗೆ ಮೂರನೆಯ ವಾರದಿಂದ ಹೆಚ್ಚುಕಡಿಮೆ ಹದಿನಾಲ್ಕನೆಯ ವಾರದವರೆಗೆ ಮನಸ್ಸಿನ ಬಾಗಿಲು ತೆರೆದಿರುತ್ತದಂತೆ. ಆಗ ಯಾರನ್ನು ಕಂಡಿತೋ ಅವರು ಲೋಕ, ಕಾಣದವರು ಶತ್ರು. “ಆ ದಿನಗಳಲ್ಲಿ ನಿಮ್ಮ ಮನೆಗೆ ಯಾರು ಬಂದಿದ್ದರು?” ಎಂದು ಕೇಳಿದರು. ನೆನಪು ಮಾಡಿಕೊಂಡೆ. ಸತ್ಯನಾರಾಯಣ ಪೂಜೆಗೆ ಹದಿನೆಂಟು ಕಾರು ಬಂದಿದ್ದವು. ಈ ದೇಶದವರೆಂದರೆ ಮ್ಜೇ ಒಬ್ಬರೇ, ಅದೂ ಅನ್ನದ ಜೊತೆಗೆ. ಬೋಂಡ ಕಂಡದ್ದನ್ನು ಕಲಿತಿತ್ತು.

ನೆರೆಯ ಗುಜರಾತಿ ಅಜ್ಜನಿಗೆ ಇದು ತಪ್ಪೆಂದು ಅನ್ನಿಸುವುದೇ ಇಲ್ಲ. 1982ರ ಆಗಸ್ಟ್ 1ರಂದು ವಾಯುಸೇನೆಯ ಕೆಲವರು ದಂಗೆ ಎದ್ದಾಗ ನೈರೋಬಿಯ ಏಷ್ಯನ್ನರ ಅಂಗಡಿ ಮನೆಗಳು ಲೂಟಿಯಾದವು. ಹೆಂಗಸರ ಮೇಲೆ ದೌರ್ಜನ್ಯ ನಡೆಯಿತು. ಅಜ್ಜ ಆ ದಿನ ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತಿದ್ದವರು. ಅವರ ಗೋಡೆಯ ಎತ್ತರಕ್ಕೆ ಕಾರಣವಿದೆ, ನಾನು ನಗುವುದಿಲ್ಲ. ನಾನು ಬಂದದ್ದು ಮೊನ್ನೆ ಮೊನ್ನೆ, ವಿಮಾನದಲ್ಲಿ, ಕಂಪನಿಯ ಖರ್ಚಿನಲ್ಲಿ. ಹೆದರಿಕೆಯನ್ನು ಮಾತ್ರ ಬಾಡಿಗೆ ಮನೆಯ ಜೊತೆಗೆ ಬಂದ ಪೀಠೋಪಕರಣದಂತೆ ಇಟ್ಟುಕೊಂಡೆ. 2017ರಲ್ಲಿ ಇಲ್ಲಿನ ಸರ್ಕಾರ ಏಷ್ಯನ್ ಮೂಲದವರನ್ನು ಕೀನ್ಯಾದ 44ನೆಯ ಬುಡಕಟ್ಟು ಎಂದು ಘೋಷಿಸಿತು. ಮಿಕ್ಕ 43ರ ವಿಷಯವನ್ನು ಬೋಂಡನಿಗೆ ಯಾರೂ ತಿಳಿಸಿಲ್ಲ.

ಅದಕ್ಕೂ ದಿಗಿಲುಂಟು. ಪಕ್ಕದ ಸಿಟಿ ಪಾರ್ಕಿನ ಮಂಗಗಳು ಹಾಡಹಗಲೇ ಬೇಲಿ ದಾಟಿ ಬಂದು, ಅಡುಗೆಮನೆಯ ಕಿಟಕಿಯಿಂದ ಬಾಳೆಹಣ್ಣಿನ ಚಿಪ್ಪನ್ನೇ ಹೊತ್ತೊಯ್ಯುತ್ತವೆ. ಆಗ ಸಿಂಹ ತಡೆಯುವ ವಂಶದ ಕುಡಿ ಕಾರಿನ ಕೆಳಗಿರುತ್ತದೆ.

ಇಷ್ಟು ರಗಳೆಯಾದರೆ ಊರಿಗೆ ಕಳಿಸಿಬಿಡಿ, ತೋಟ ಕಾಯುತ್ತದೆ ಎಂದ ಭಾವ, 2024ರ ಮಾರ್ಚಿನಲ್ಲಿ ಫೋನು ಮಾಡಿ “ಬೇಡ ಬೇಡ” ಅಂದ. ಕೇಂದ್ರ ಸರ್ಕಾರ ಅಪಾಯಕಾರಿ ಎಂದು 23 ತಳಿಗಳ ಪಟ್ಟಿ ಹೊರಡಿಸಿತ್ತು. ಅದರಲ್ಲಿ ರಿಡ್ಜ್‌ಬ್ಯಾಕ್ ಇತ್ತು, ಬೆರಕೆಗಳೂ ಸೇರಿದ್ದವು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟು ಆ ಸುತ್ತೋಲೆಯನ್ನು ರದ್ದು ಮಾಡಿತು. ಭಾವ ಮಾತ್ರ ಮತ್ತೆ ಫೋನು ಮಾಡಲಿಲ್ಲ.

ಒಂದು ಸಂಜೆಯ ಸಂಗತಿ ಹೇಳಬೇಕು. ಗೇಟಿನಾಚೆ, ಚರಂಡಿ ಕಟ್ಟೆಯ ಮೇಲೆ ಒಬ್ಬ ಹುಡುಗ ಕೂತು ಬ್ರೆಡ್ಡು ತಿನ್ನುತ್ತಿದ್ದ, ಪಕ್ಕದಲ್ಲೊಂದು ಚೀಲ. ಕಾರಿನ ಕಿಟಕಿ ಏರಿಸಿಕೊಂಡೇ ಒಳಬಂದೆ. ಅವನು ಮ್ಜೇ ಮಗ. ರಾತ್ರಿಯಿಡೀ ಬಸ್ಸಿನಲ್ಲಿ ಬಂದು ಬೆಳಗಿನಿಂದ ಅಲ್ಲೇ ಇದ್ದ. “ಒಳಗೆ ಕರೆಯಬಾರದಿತ್ತೇ?” ಎಂದೆ. ಮ್ಜೇ ನಾಯಿಯ ತಲೆ ಸವರುತ್ತ, “ಮ್ಬ್ವಾ ಕಾಲಿ, ಬಾಸ್” ಅಂದರು. ನಾಯಿ ಅವರ ಕಾಲ ಮೇಲೆ ಗದ್ದವಿಟ್ಟು ಮಲಗಿತ್ತು. ಚೀಲದಲ್ಲಿದ್ದದ್ದು ನಮಗೆಂದು ತಂದ ಮಾವಿನಹಣ್ಣು.

ಈಗ ಮೊದಲು ಬಿಟ್ಟ ಮಾತು. ಈ ಆರು ವರ್ಷದಲ್ಲಿ ನಮ್ಮ ಮನೆಯಿಂದ ಮಂಗಗಳ ಪಾಲು ಬಿಟ್ಟರೆ ಹಣ ಹೋದದ್ದು ಒಂದೇ ಸಲ. ಬಂದವರು ಕಾರಿನಲ್ಲಿ ಬಂದರು. ಕನ್ನಡದಲ್ಲಿ ಮಾತಾಡಿದರು, ನಮ್ಮದೇ ತಾಲೂಕಿನವರು. ಬಿಸಿಬೇಳೆಬಾತು ಎರಡು ಸಲ ಬಡಿಸಿಕೊಂಡು, ಮಜ್ಜಿಗೆ ಕುಡಿದು, ವ್ಯಾಪಾರದಲ್ಲಿ ಪಾಲು ಎಂದು ನಮ್ಮ ಮೂರು ವರ್ಷದ ಉಳಿತಾಯಕ್ಕೆ ಚೆಕ್ಕು ಬರೆಸಿಕೊಂಡು ಹೋದವರು ಈಗ ಯಾವ ದೇಶದಲ್ಲಿದ್ದಾರೋ. ಹೊರಡುವಾಗ ಬೋಂಡನ ಕಿವಿ ಸವರಿ “ಒಳ್ಳೆ ನಾಯಿ” ಅಂದರು. ಅದು ಗೇಟಿನವರೆಗೆ ಹೋಗಿ ಬೀಳ್ಕೊಟ್ಟಿತು.

ಆದ್ದರಿಂದ ನಿಮ್ಮಲ್ಲಿ ಅರಿಕೆ ಇಷ್ಟೇ. ಬರುವುದಾದರೆ ಗೋಡೆ ಹಾರಬೇಡಿ, ಗಾಜಿದೆ. ಮುಸುಕು ಬಟ್ಟೆ ಬೇಡ, ಇಸ್ತ್ರಿ ಮಾಡಿದ ಅಂಗಿ ಇರಲಿ. ಕಾರು ಬಾಡಿಗೆಗೆ ಸಿಗುತ್ತದೆ. ಬೋಂಡನ ಎಡಗಿವಿಯ ಹಿಂದೆ ಕೆರೆದರೆ ಕಣ್ಣು ಮುಚ್ಚುತ್ತದೆ. ಶನಿವಾರ ಮಾತ್ರ ಬೇಡ. ಅಂದು ಮ್ಜೇ ಮಗ ಬರುತ್ತಾನೆ, ಮಗಳು ಅವನನ್ನೂ ಗೆಳತಿಯನ್ನೂ ಅಂಗಳದಲ್ಲಿ ಕೂರಿಸಿ, ಅವರ ಕೈಯಿಂದಲೇ ನಾಯಿಗೆ ಉಗಾಲಿ ತಿನ್ನಿಸುತ್ತಿದ್ದಾಳೆ. ಮೊದಲ ವಾರ ಸರಪಳಿ ಕಿತ್ತುಬರುವಂತೆ ಎಗರಿತು. ಐದನೆಯ ವಾರ ಬೊಗಳುತ್ತಲೇ ತಿಂದಿತು.

ಇತಿ ತಮ್ಮ ನಿರೀಕ್ಷೆಯಲ್ಲಿರುವ,
ಬೋಂಡನ ಮನೆಯವರು