ಪಂಚಾಂಗದ ರಾಯರು

ಮಹಡಿ ಮನೆ ರಾಯರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮಠದ ಪಂಚಾಂಗವೇ ಅವರ ಲೆಡ್ಜರು. ರಾಹುಕಾಲ ಸೋಮವಾರ 7.30ರಿಂದ 9, ಶುಕ್ರವಾರ 10.30ರಿಂದ 12 ಎಂದು ಠೇವಣಿ ಬಡ್ಡಿ ದರ ಹೇಳಿದಷ್ಟೇ ಸಲೀಸಾಗಿ ಹೇಳುತ್ತಾರೆ. ಇಂಥವರು ಮೈಸೂರಿನಲ್ಲಿ ಬೀದಿಗೊಬ್ಬರಿದ್ದಾರೆ. ಆದರೆ ನಮ್ಮ ರಾಯರಿಗೆ ಒಂದು ವಿಶೇಷ ಕಾಯಿಲೆ: ನಂಬದವರ ಮೇಲೆ ಸಿಟ್ಟೇ ಬರುವುದಿಲ್ಲ.

ಕೆಳಗಿನ ಮನೆಯ ಬಾಡಿಗೆದಾರ ನಾನು, ವಿಜ್ಞಾನದ ಮೇಷ್ಟ್ರು. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಓದಿದವನು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದ ಕಥೆಯನ್ನು ಮಹಡಿ ಮೆಟ್ಟಿಲ ಮೇಲೆ ನಿಂತು ರಾಯರಿಗೆ ಮೂರು ಸಲ ಹೇಳಿದ್ದೇನೆ. ಮೂರು ಸಲವೂ ಅವರು ಹೊಸದಾಗಿ ಕೇಳುವವರಂತೆ ಕೇಳಿ, “ಮದುವೆಯಿಲ್ಲ, ಮನೆಯಿಲ್ಲ, ಹಾಸ್ಟೆಲಿನ ಒಂದು ಕೋಣೆಯಲ್ಲೇ ಇದ್ದರಲ್ಲ! ಋಷಿಗಳು ಮೇಷ್ಟ್ರೇ” ಎಂದರು. ನಮ್ಮ ಪಕ್ಷದ ನಾಯಕರನ್ನೇ ತಮ್ಮ ಕಡೆಗೆ ಎಳೆದುಕೊಂಡ ಮೇಲೆ ವಾದ ಮಾಡುವುದು ಯಾರ ಜೊತೆ?

ನಾನು ಬೇಕೆಂದೇ ಶುಕ್ರವಾರ 11 ಗಂಟೆಗೆ ಹೊಸ ಸ್ಕೂಟರ್ ತಂದೆ. ರಾಯರು ಎರಡು ನಿಂಬೆಹಣ್ಣು ಹಿಡಿದು ಕೆಳಗಿಳಿದರು. “ಚಕ್ರದ ಕೆಳಗೆ ನಿಂಬೆಹಣ್ಣು ಇಡೋದೆಲ್ಲ ನನಗೆ ಆಗೋಲ್ಲ ರಾಯರೇ” ಎಂದೆ, ಸ್ವಲ್ಪ ಗಟ್ಟಿಯಾಗಿಯೇ. “ಒಳ್ಳೇ ಬಣ್ಣ ಆರಿಸಿದ್ದೀರಿ” ಎಂದು ಹಣ್ಣು ವಾಪಸು ತೆಗೆದುಕೊಂಡು ಹೋದವರು ಹತ್ತು ನಿಮಿಷದಲ್ಲಿ ಅದೇ ಹಣ್ಣಿನ ಶರಬತ್ತು ತಂದುಕೊಟ್ಟರು. ಏಲಕ್ಕಿ ಹಾಕಿದ್ದರು. ವೈಚಾರಿಕತೆಯ ಗತಿ ಏನಾಯಿತೆಂದು ಕೇಳಬೇಡಿ, ಎರಡು ಲೋಟ ಕುಡಿದೆ.

ಅಮೆರಿಕದಲ್ಲಿರುವ ಮಗ ಫೋನಿನಲ್ಲಿ, “ಅಪ್ಪಾ, ಜನಿವಾರ ತೆಗೆದುಬಿಟ್ಟೆ” ಎಂದನಂತೆ. ರಾಯರು ಕ್ಷಣ ಸುಮ್ಮನಿದ್ದು, “ಅಲ್ಲಿ ಚಳಿ ಕಣೋ, ಸ್ವೆಟರ್ ತೆಗೀಬೇಡ” ಎಂದರಂತೆ. ಅವತ್ತು ರಾತ್ರಿ ಅವರು ಊಟ ಮಾಡಲಿಲ್ಲ ಎಂದು ಅವರ ಮನೆಯವರು ನನ್ನ ಹೆಂಡತಿಗೆ ಹೇಳಿದರು. ಮಗನಿಗೆ ಇಂದಿಗೂ ಗೊತ್ತಿಲ್ಲ.

2019ರ ಡಿಸೆಂಬರ್ 26ರ ಕಂಕಣ ಗ್ರಹಣದ ದಿನ ಬೀದಿಯ ಮಕ್ಕಳಿಗೆಲ್ಲ ಸೌರ ಕನ್ನಡಕ ಹಾಕಿಸಿ, ತಾರಸಿಯ ಮೇಲೆ ಉಪ್ಪಿಟ್ಟು ತಿನ್ನಿಸಿದೆ. ತಾರಸಿ ರಾಯರದ್ದು. ಹಿಂದಿನ ಸಂಜೆಯೇ ಗುಡಿಸಿ ಬೀಗದ ಕೈ ಕೊಟ್ಟಿದ್ದರು. ತಾವು ಮಾತ್ರ ಹಾಲಿಗೂ ಉಪ್ಪಿನಕಾಯಿ ಜಾಡಿಗೂ ದರ್ಭೆ ಹಾಕಿ, ಕಿಟಕಿ ಮುಚ್ಚಿ ಜಪಕ್ಕೆ ಕೂತರು. ಮೋಕ್ಷವಾದ ಮೇಲೆ ಒದ್ದೆ ತಲೆಯಲ್ಲೇ ಮೇಲೆ ಬಂದು, “ಹೇಗಿತ್ತು ಮೇಷ್ಟ್ರೇ, ಬಳೆ ಕಾಣಿಸಿತೇ?” ಎಂದು ಆಸೆಯಿಂದ ಕೇಳಿದರು. ಚಂದ್ರನ ನೆರಳಿಗೂ ಉಪ್ಪಿನಕಾಯಿಗೂ ಸಂಬಂಧವಿಲ್ಲ ಎಂದು ರಾತ್ರಿಯೆಲ್ಲ ಸಿದ್ಧಮಾಡಿಕೊಂಡಿದ್ದ ನನ್ನ ಭಾಷಣ ಬಾಯಲ್ಲೇ ಹಳಸಿತು.

ಹಾಗಾದರೆ ಇವರಿಗೆ ಸಿಟ್ಟೇ ಇಲ್ಲವೇ? ಇದೆ. ಅದು ಎದುರು ಮನೆ ಶಾಸ್ತ್ರಿಗಳಿಗೆ ಮೀಸಲು. ಶಾಸ್ತ್ರಿಗಳು ಸ್ಮಾರ್ತರು, ಸೂರ್ಯೋದಯಕ್ಕೆ ಏಕಾದಶಿ ಇದ್ದರೆ ಅವರಿಗೆ ಸಾಕು. ರಾಯರು ಮಾಧ್ವರು. ಸೂರ್ಯೋದಯಕ್ಕೆ ನಾಲ್ಕು ಗಳಿಗೆ ಮುಂಚೆ, ಅಂದರೆ 96 ನಿಮಿಷ ಮೊದಲಿನ ಅರುಣೋದಯಕ್ಕೆ ದಶಮಿಯ ಸೋಂಕು ತಗುಲಿದರೂ ಇವರ ಉಪವಾಸ ಮರುದಿನಕ್ಕೆ. ಕೆಲವು ತಿಂಗಳು ಹೀಗೆ ಎರಡು ಮನೆಗೆ ಎರಡು ಏಕಾದಶಿ. ಅಂಥದೊಂದು ಬೆಳಿಗ್ಗೆ ರಾಯರು ಕೆಂಪಗಾಗಿ ಕೆಳಗೆ ಬಂದರು.

“ದಶಮೀ ವಿದ್ಧ ಅಂತ ಕಣ್ಣಿಗೆ ಹೊಡೆಯೋ ಹಾಗೆ ಅಚ್ಚಾಗಿದೆ. ಆ ಮನುಷ್ಯ ಇವತ್ತೇ ಉಪವಾಸ ಕೂತಿದ್ದಾನೆ!”

“ನಾನು ಯಾವತ್ತೂ ಕೂರೋದೇ ಇಲ್ಲವಲ್ಲ ರಾಯರೇ.”

“ನಿಮ್ಮದು ಬೇರೆ ಮೇಷ್ಟ್ರೇ. ನೀವು ಮಾಡೋದೇ ಇಲ್ಲ. ಅವನು ತಪ್ಪಾಗಿ ಮಾಡ್ತಾನೆ!”

ಸಂಜೆ ಶಾಸ್ತ್ರಿಗಳೂ ಬಂದು ಇದನ್ನೇ ತಿರುಗಿಸಿ ಹೇಳಿ ಹೋದರು. ಮರುದಿನ ಬೆಳಗಾಗುತ್ತಲೇ ಅವರ ಮನೆಯಿಂದ ದ್ವಾದಶಿ ಪಾರಣೆಯ ಅಗಸೆ ಸೊಪ್ಪಿನ ಪಲ್ಯ ಬಂತು. ಅದರ ಮರುದಿನ ಮಹಡಿಯಿಂದ ಅದೇ ಪಲ್ಯ, ಜೊತೆಗೆ ನೆಲ್ಲಿಕಾಯಿ ತಂಬುಳಿ. ಎರಡರಲ್ಲಿ ರಾಯರ ಮನೆಯದೇ ಚೆನ್ನಾಗಿತ್ತು. ಶಾಸ್ತ್ರಿಗಳಿಗೆ ಹೇಳಬೇಡಿ.